ಸತ್ತ ಮೇಲೆ ಮಾಡುವುದಕ್ಕೆ ಏನೂ ಇಲ್ಲ: ಆರಂಭದ ಪ್ರೊಟೆಸ್ಟೆಂಟರು ಸಾವನ್ನು ಕಂಡ ರೀತಿ

ಅಕ್ಟೋಬರ್ ಕೊನೆ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಚಾಕೊಲೇಟ್ ಕೇಳುತ್ತಾ ಮನೆಮನೆ ಸುತ್ತುತ್ತಾರೆ. ಅದು 31ನೇ ತಾರೀಕಿನ ಹ್ಯಾಲೊವೀನ್. ಎರಡೇ ದಿನಕ್ಕೆ, ನವೆಂಬರ್ 2ರಂದು, ಮಂಗಳೂರು ಕಡೆಯ ಕ್ಯಾಥೊಲಿಕರು ತಮ್ಮವರ ಸಮಾಧಿಗಳಿಗೆ ಹೂವು ಇಟ್ಟು, ಮೇಣದಬತ್ತಿ ಹಚ್ಚಿ, ಸತ್ತವರ ಹೆಸರಿನಲ್ಲಿ ಬಲಿಪೂಜೆ (ಚರ್ಚಿನಲ್ಲಿ ಪಾದ್ರಿ ನಡೆಸುವ ‘ಮಾಸ್’) ಮಾಡಿಸುತ್ತಾರೆ. ಅದೇ 31ನೇ ತಾರೀಕನ್ನು ಪ್ರೊಟೆಸ್ಟೆಂಟ್ ಚರ್ಚುಗಳು ಬೇರೆ ಕಾರಣಕ್ಕೆ ನೆನೆಯುತ್ತವೆ. 1517ರ ಆ ದಿನ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ ಚರ್ಚಿನ ಒಂದು ಪದ್ಧತಿಯನ್ನು ಪ್ರಶ್ನಿಸುವ ತನ್ನ 95 ವಾದಗಳನ್ನು ಮುಂದಿಟ್ಟ.

ಇವು ಅಕ್ಕಪಕ್ಕ ಬಂದಿರುವುದು ಪೂರ್ತಿ ಕಾಕತಾಳೀಯ ಅಲ್ಲ. ಲೂಥರ್ ಎಬ್ಬಿಸಿದ ಜಗಳ ಶುರುವಾದದ್ದೇ ಸತ್ತವರ ವಿಚಾರದಲ್ಲಿ. ಬದುಕಿರುವವರು ಸತ್ತವರಿಗೆ ಏನಾದರೂ ಸಹಾಯ ಮಾಡಬಹುದಾ? ಈ ಪ್ರಶ್ನೆಗೆ ‘ಇಲ್ಲ’ ಅನ್ನುವ ಉತ್ತರ ಬಂದಿದ್ದೇ ತಡ, ಯುರೋಪಿನ ದೊಡ್ಡ ಭಾಗದಲ್ಲಿ ಸಾಯುವ ರೀತಿ, ಹೂಳುವ ರೀತಿ, ಅಳುವ ರೀತಿ ಎಲ್ಲವೂ ಬದಲಾಗತೊಡಗಿದವು. ಹೇಗೆ ಅನ್ನುವುದನ್ನು ಬುಡದಿಂದ ನೋಡೋಣ.

## ಪ್ರೊಟೆಸ್ಟೆಂಟ್ ಅಂದರೆ ಯಾರು?

ಪಶ್ಚಿಮ ಯುರೋಪಿನ ಕ್ರೈಸ್ತರೆಲ್ಲ ಒಂದು ಕಾಲದಲ್ಲಿ ರೋಮಿನ ಪೋಪರ ಕೈಕೆಳಗೆ ಇದ್ದವರು. 16ನೇ ಶತಮಾನದಲ್ಲಿ ಅಲ್ಲಿಂದ ಒಡೆದು ಹೊರಬಂದವರನ್ನು ಒಟ್ಟಾಗಿ ಪ್ರೊಟೆಸ್ಟೆಂಟ್ ಅನ್ನುತ್ತಾರೆ. ಇವರು ಒಂದೇ ಗುಂಪಲ್ಲ. ಜರ್ಮನಿಯಲ್ಲಿ ಲೂಥರನ ಹಿಂದೆ ಹೋದವರು ಇದ್ದರು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಜಾನ್ ಕಾಲ್ವಿನ್ ಇನ್ನೂ ಬಿಗಿಯಾದ ದಾರಿ ಹಾಕಿದ. ಸ್ಕಾಟ್ಲೆಂಡ್ ಆ ದಾರಿ ಹಿಡಿಯಿತು. ಇಂಗ್ಲೆಂಡ್ ಎರಡರ ನಡುವೆ ಎಲ್ಲೋ ನಿಂತಿತು. ಅಲ್ಲಿ ‘ಇಷ್ಟು ಸುಧಾರಣೆ ಸಾಲದು’ ಅಂದವರು ಪ್ಯೂರಿಟನ್ನರು. ಅವರಲ್ಲಿ ಎಷ್ಟೋ ಜನ ಹಡಗು ಹತ್ತಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ನೆಲೆಸಿದರು.

ಕನ್ನಡನಾಡಿಗೆ ಲೂಥರನ ಕಡೆಯ ಈ ಪರಂಪರೆ ಗಟ್ಟಿಯಾಗಿ ಬಂದದ್ದು 1834ರಲ್ಲಿ, ಮಂಗಳೂರಿಗೆ ಬಾಸೆಲ್ ಮಿಷನ್ ಬಂದಾಗ. ಕಿಟೆಲ್, ಮೊಗ್ಲಿಂಗ್ ಇದೇ ಸಾಲಿನವರು. ಆದರೆ ನಮ್ಮ ಕಥೆ ನಡೆಯುವುದು ಅವರಿಗಿಂತ ಮುನ್ನೂರು ವರ್ಷ ಹಿಂದೆ.

## ಅದಕ್ಕೂ ಮುಂಚೆ ಹೇಗಿತ್ತು?

ಮಧ್ಯಯುಗದ ಕ್ಯಾಥೊಲಿಕರಿಗೆ ಸತ್ತ ಮೇಲೆ ಹೋಗುವ ಜಾಗ ಸ್ವರ್ಗ, ನರಕ ಎರಡೇ ಅಲ್ಲ. ಮೂರನೆಯದೊಂದಿತ್ತು: ಪರ್ಗಟರಿ. 1274ರ ಲಿಯೋನ್ ಸಭೆ ಅದಕ್ಕೆ ಚರ್ಚಿನ ಅಧಿಕೃತ ಮುದ್ರೆ ಒತ್ತಿತು. ಇದರ ಲೆಕ್ಕ ಹೀಗೆ. ಪಾಪ ಮಾಡಿದವನು ಪಾದ್ರಿಯ ಮುಂದೆ ಒಪ್ಪಿಕೊಂಡರೆ ಪಾಪಕ್ಕೆ ಕ್ಷಮೆ ಸಿಗುತ್ತದೆ, ನರಕ ತಪ್ಪುತ್ತದೆ. ಆದರೆ ಅದರ ಶಿಕ್ಷೆ ಸ್ವಲ್ಪ ಬಾಕಿ ಉಳಿಯುತ್ತದೆ. ಆ ಬಾಕಿಯನ್ನು ಪರ್ಗಟರಿಯಲ್ಲಿ ನರಳಿ ತೀರಿಸಬೇಕು. ತೀರಿದ ಮೇಲೆ ಸ್ವರ್ಗ ಖಂಡಿತ. ಸಾಧು-ಸಂತರನ್ನು ಬಿಟ್ಟರೆ ಹೆಚ್ಚಿನ ಜನ ಹೋಗುವುದು ಅಲ್ಲಿಗೇ ಅನ್ನುವುದು ಎಲ್ಲರ ನಂಬಿಕೆ.

ಮುಖ್ಯವಾದದ್ದು ಮುಂದಿನ ಮಾತು. ಅಲ್ಲಿರುವವರ ಅವಧಿಯನ್ನು ಇಲ್ಲಿರುವವರು ಕಡಿಮೆ ಮಾಡಬಹುದಿತ್ತು. ಅವರ ಹೆಸರಿನಲ್ಲಿ ಬಲಿಪೂಜೆ ಮಾಡಿಸಬಹುದು, ಪ್ರಾರ್ಥಿಸಬಹುದು, ಬಡವರಿಗೆ ದಾನ ಕೊಡಬಹುದು. ನಮ್ಮ ಕಡೆ ತಿಥಿ ಮಾಡಿ ಪಿಂಡ ಇಟ್ಟರೆ ಹಿರಿಯರಿಗೆ ತಲುಪುತ್ತದೆ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಆ ಬಗೆಯ ನಂಟು ಅದು. ಮಗ ತಿಥಿ ಬಿಟ್ಟರೆ ಅಪ್ಪ ಹಸಿದಿರುತ್ತಾನೆ ಅನ್ನುವ ಅಳುಕು ಇಲ್ಲಿ. ಪೂಜೆ ನಿಲ್ಲಿಸಿದರೆ ಅಮ್ಮ ಇನ್ನಷ್ಟು ಕಾಲ ಬೆಂಕಿಯಲ್ಲಿ ಅನ್ನುವ ಅಳುಕು ಅಲ್ಲಿ. ಅಳುಕಿನ ಜೊತೆಗೆ ಸಮಾಧಾನವೂ ಇತ್ತು. ಸತ್ತವರಿಗೆ ಮಾಡುವುದಕ್ಕೆ ಏನೋ ಒಂದು ಕೆಲಸ ಉಳಿದಿರುತ್ತಿತ್ತು.

ಹಣವಂತರು ಇದಕ್ಕೆ ಭಾರಿ ಏರ್ಪಾಡು ಮಾಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ರಾಜ ಏಳನೇ ಹೆನ್ರಿ ಸತ್ತದ್ದು 1509ರಲ್ಲಿ. ತನ್ನ ಆತ್ಮಕ್ಕಾಗಿ 10,000 ಪೂಜೆ ಆಗಬೇಕು ಅಂತ ಉಯಿಲು ಬರೆದಿಟ್ಟಿದ್ದ! ಶ್ರೀಮಂತರು ‘ಚಾಂಟ್ರಿ’ ಅನ್ನುವ ದತ್ತಿ ಇಡುತ್ತಿದ್ದರು. ಅದರ ಆದಾಯದಲ್ಲಿ ಒಬ್ಬ ಪಾದ್ರಿಗೆ ಸಂಬಳ. ಅವನ ಕೆಲಸ ದತ್ತಿ ಇಟ್ಟವರ ಆತ್ಮಕ್ಕೆ ದಿನಾ ಪೂಜೆ ಮಾಡುವುದು. ಅಷ್ಟು ದುಡ್ಡಿಲ್ಲದವರು ಊರ ಚರ್ಚಿನ ಪಟ್ಟಿಯಲ್ಲಿ ತಮ್ಮ ಹೆಸರು ಸೇರಿಸುತ್ತಿದ್ದರು. ಆ ಹೆಸರುಗಳನ್ನು ಜೋರಾಗಿ ಓದಿ ಊರೆಲ್ಲ ಪ್ರಾರ್ಥಿಸುತ್ತಿತ್ತು.

ಸಾಯುವ ಹೊತ್ತಿಗೂ ಒಂದು ಕ್ರಮ ಇತ್ತು. ಪಾದ್ರಿ ಬರಬೇಕು, ಪಾಪನಿವೇದನೆ ಆಗಬೇಕು, ಪ್ರಸಾದದ ರೊಟ್ಟಿ ನಾಲಿಗೆಯ ಮೇಲೆ ಇಡಬೇಕು, ಪವಿತ್ರ ಎಣ್ಣೆ ಹಚ್ಚಬೇಕು. ‘ಚೆನ್ನಾಗಿ ಸಾಯುವುದು ಹೇಗೆ’ ಅಂತ ಹೇಳಿಕೊಡುವ ಚಿತ್ರಪುಸ್ತಕಗಳೇ 15ನೇ ಶತಮಾನದಲ್ಲಿ ಓಡಾಡುತ್ತಿದ್ದವು. ಹಾಸಿಗೆಯಲ್ಲಿ ರೋಗಿ, ಒಂದು ಕಡೆ ದೆವ್ವಗಳು, ಇನ್ನೊಂದು ಕಡೆ ದೇವದೂತರು. ಅವಿಶ್ವಾಸ, ಹತಾಶೆ, ಸಿಡಿಮಿಡಿ, ಒಣಹೆಮ್ಮೆ, ಆಸ್ತಿಯ ಮೇಲಿನ ಆಸೆ ಎಂಬ ಐದು ಪ್ರಲೋಭನೆಗಳನ್ನು ಕೊನೆಯ ಗಳಿಗೆಯಲ್ಲಿ ಗೆಲ್ಲಬೇಕು. ಹಠಾತ್ತಾಗಿ ಸಾಯುವುದೆಂದರೆ ಆ ಜನಕ್ಕೆ ಬಹಳ ಹೆದರಿಕೆ. ಸಿದ್ಧತೆಗೆ ಸಮಯವೇ ಸಿಗುವುದಿಲ್ಲವಲ್ಲ.

## ಲೂಥರ್ ಎತ್ತಿದ ತಕರಾರು

ಪರ್ಗಟರಿಯ ಬಾಕಿ ತೀರಿಸಲು ಇನ್ನೊಂದು ದಾರಿ ಇತ್ತು: ಇಂಡಲ್ಜೆನ್ಸ್ ಎಂಬ ಕ್ಷಮಾಪತ್ರ. ಶಾಲೆಯ ಇತಿಹಾಸ ಪಾಠದಲ್ಲಿ ಓದಿದ್ದು ನೆನಪಿರಬಹುದು. ರೋಮಿನ ಸೇಂಟ್ ಪೀಟರ್ಸ್ ಚರ್ಚ್ ಕಟ್ಟಲು ಹಣ ಬೇಕಿತ್ತು. ಜರ್ಮನಿಯಲ್ಲಿ ಯೊಹಾನ್ ಟೆಟ್ಸೆಲ್ ಎಂಬ ಸನ್ಯಾಸಿ ಈ ಪತ್ರ ಮಾರುತ್ತಾ ಊರೂರು ಸುತ್ತಿದ. ಸತ್ತ ಅಪ್ಪ-ಅಮ್ಮನ ಹೆಸರಿಗೂ ಕೊಳ್ಳಬಹುದಿತ್ತು. ಲೂಥರನ 95 ವಾದಗಳು ಹೊಡೆದದ್ದು ಈ ವ್ಯಾಪಾರಕ್ಕೆ. ಗಮನಿಸಿ, ಆಗಿನ್ನೂ ಅವನು ಪರ್ಗಟರಿಯೇ ಸುಳ್ಳು ಅಂದಿರಲಿಲ್ಲ. ಆ ಮಾತಿಗೆ ಬಂದದ್ದು ನಿಧಾನವಾಗಿ. 1530ರ ಹೊತ್ತಿಗೆ ಅದನ್ನು ಬಹಿರಂಗವಾಗಿ ತಳ್ಳಿಹಾಕಿದ.

ತರ್ಕ ಸರಳ. ಮನುಷ್ಯನಿಗೆ ಮುಕ್ತಿ ಸಿಗುವುದು ಅವನು ಮಾಡಿದ ಒಳ್ಳೆ ಕೆಲಸದ ಲೆಕ್ಕದಿಂದಲ್ಲ, ದೇವರ ಕೃಪೆಯಿಂದ. ಅದನ್ನು ನಂಬಿಕೆಯಿಂದ ಪಡೆಯಬೇಕು. ಕ್ರಿಸ್ತನ ಸಾವೇ ಎಲ್ಲ ಸಾಲವನ್ನೂ ತೀರಿಸಿದೆ ಅನ್ನುವುದಾದರೆ ತೀರಿಸಲು ಬಾಕಿ ಎಲ್ಲಿ ಉಳಿಯಿತು? ಬಾಕಿಯೇ ಇಲ್ಲದ ಮೇಲೆ ಪರ್ಗಟರಿ ಯಾಕೆ? ಪರ್ಗಟರಿ ಇಲ್ಲದ ಮೇಲೆ ಸತ್ತವರಿಗಾಗಿ ಪೂಜೆ, ದತ್ತಿ, ಪಟ್ಟಿ ಯಾವುದಕ್ಕೂ ಅರ್ಥವಿಲ್ಲ. ಒಂದು ನೂಲು ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಂಡಿತು.

ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಕ್ಯಾಥೊಲಿಕರು ಮುಖ್ಯವಾಗಿ ತೋರಿಸುತ್ತಿದ್ದ ಆಧಾರ ಮಕ್ಕಬಿಯರ ಎರಡನೇ ಗ್ರಂಥ. ಪ್ರೊಟೆಸ್ಟೆಂಟರು ಆ ಗ್ರಂಥ ಬೈಬಲಿನ ಪೂರ್ತಿ ಅಧಿಕಾರ ಇರುವ ಭಾಗವೇ ಅಲ್ಲ ಅಂದರು. ಅಲ್ಲಿಗೆ ಆ ವಾದ ಮುಗಿಯಿತು.

ಹಾಗಾದರೆ ಸತ್ತವರು ಈಗ ಎಲ್ಲಿದ್ದಾರೆ? ಇದರಲ್ಲಿ ಅವರೊಳಗೇ ಒಮ್ಮತ ಇರಲಿಲ್ಲ. ಲೂಥರ್ ಸಾವನ್ನು ಎಷ್ಟೋ ಸಲ ನಿದ್ದೆ ಅಂದ. ಕೊನೆಯ ದಿನ ಕ್ರಿಸ್ತ ಬಂದು ಎಬ್ಬಿಸುವವರೆಗೆ ಮಲಗಿರುತ್ತಾರೆ, ಅಷ್ಟೆ. ಕಾಲ್ವಿನ್ ಇದನ್ನು ಒಪ್ಪಲಿಲ್ಲ. ಆತ್ಮ ಎಚ್ಚರವಾಗೇ ಇರುತ್ತದೆ ಅಂತ 1534ರಲ್ಲೇ ಒಂದು ಪುಸ್ತಕ ಬರೆದ. ಎಲ್ಲಿದ್ದರೂ ಸರಿ, ಇಲ್ಲಿಂದ ಏನು ಕಳಿಸಿದರೂ ಅಲ್ಲಿಗೆ ತಲುಪುವುದಿಲ್ಲ ಅನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

## ಕತ್ತರಿ ಎಲ್ಲೆಲ್ಲಿ ಬಿತ್ತು

ಸಿದ್ಧಾಂತ ಬದಲಾದರೆ ಸಾಮಾನ್ಯ ಜನಕ್ಕೆ ಏನು? ಇಂಗ್ಲೆಂಡನ್ನು ನೋಡಿದರೆ ಗೊತ್ತಾಗುತ್ತದೆ. 1547ರಲ್ಲಿ, ಬಾಲಕ ದೊರೆ ಆರನೇ ಎಡ್ವರ್ಡನ ಸರ್ಕಾರ ಚಾಂಟ್ರಿಗಳನ್ನೆಲ್ಲ ಮುಚ್ಚುವ ಕಾಯಿದೆ ತಂದಿತು. ಎರಡು ಸಾವಿರಕ್ಕೂ ಹೆಚ್ಚು ದತ್ತಿಗಳು ಹೋದವು, ಆಸ್ತಿ ರಾಜನ ಖಜಾನೆ ಸೇರಿತು. ಅಜ್ಜ ‘ನನ್ನ ಆತ್ಮಕ್ಕೆ ಶಾಶ್ವತವಾಗಿ ಪೂಜೆ ನಡೆಯಲಿ’ ಅಂತ ಬರೆದಿಟ್ಟದ್ದು ಮೊಮ್ಮಗನ ಕಾಲಕ್ಕೆ ನಿಂತೇ ಹೋಯಿತು.

1549ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಅಂಗಳದಲ್ಲಿದ್ದ ಅಸ್ಥಿಮಂದಿರವನ್ನು ಖಾಲಿ ಮಾಡಿಸಿದರು. ಸಾವಿರಕ್ಕೂ ಹೆಚ್ಚು ಗಾಡಿ ಮೂಳೆಗಳನ್ನು ಊರ ಹೊರಗಿನ ಫಿನ್ಸ್‌ಬರಿ ಬಯಲಿಗೆ ಸಾಗಿಸಿದರು ಅಂತ ಆ ಕಾಲದ ಲಂಡನ್ ಚರಿತ್ರೆಕಾರ ಜಾನ್ ಸ್ಟೋ ಬರೆದಿದ್ದಾನೆ. ಆ ಗುಡ್ಡೆಯ ಮೇಲೆ ಆಮೇಲೆ ಗಾಳಿಗಿರಣಿ ಎದ್ದವು.

ನನಗೆ ಇವೆಲ್ಲಕ್ಕಿಂತ ದೊಡ್ಡದು ಅನಿಸುವುದು ಒಂದು ಸಣ್ಣ ತಿದ್ದುಪಡಿ. 1549ರಲ್ಲಿ ಇಂಗ್ಲಿಷ್ ಚರ್ಚು ಹೊಸ ಪ್ರಾರ್ಥನಾ ಪುಸ್ತಕ ಹೊರತಂದಿತು. ಅದರಲ್ಲಿ ಹೂಳುವಾಗ ಪಾದ್ರಿ ಹೆಣದ ಮೇಲೆ ಮಣ್ಣು ಹಾಕುತ್ತಾ ಸತ್ತವನ ಜೊತೆಗೇ ಮಾತಾಡುತ್ತಾನೆ: ನಿನ್ನ ಆತ್ಮವನ್ನು ದೇವರಿಗೂ ನಿನ್ನ ದೇಹವನ್ನು ಮಣ್ಣಿಗೂ ಒಪ್ಪಿಸುತ್ತೇನೆ, ಅಂತ. ಮೂರೇ ವರ್ಷಕ್ಕೆ, 1552ರಲ್ಲಿ, ಪುಸ್ತಕ ಪರಿಷ್ಕಾರವಾಯಿತು. ಈಗ ಮಣ್ಣು ಹಾಕುವವರು ಪಕ್ಕದಲ್ಲಿ ನಿಂತ ಜನ. ಪಾದ್ರಿ ಮಾತಾಡುವುದು ಅವರ ಜೊತೆ: ನಮ್ಮ ಸೋದರನ ಆತ್ಮವನ್ನು ದೇವರು ತನ್ನ ಬಳಿಗೆ ಕರೆದುಕೊಂಡಿದ್ದಾನೆ, ಆದ್ದರಿಂದ ಅವನ ದೇಹವನ್ನು ಮಣ್ಣಿಗೆ ಒಪ್ಪಿಸುತ್ತೇವೆ. ‘ನೀನು’ ಹೋಗಿ ‘ಅವನು’ ಬಂತು. ಸತ್ತವನು ಗುಂಡಿಯ ಪಕ್ಕದಲ್ಲೇ ಮಲಗಿದ್ದಾನೆ, ಆದರೆ ಅವನ ಜೊತೆ ಮಾತಾಡುವ ಹಾಗಿಲ್ಲ.

ಸ್ಕಾಟ್ಲೆಂಡ್ ಇನ್ನೂ ಮುಂದೆ ಹೋಯಿತು. 1560ರಲ್ಲಿ ಅಲ್ಲಿನ ಸುಧಾರಕರು ಹಾಕಿಕೊಟ್ಟ ನಿಯಮದ ಪ್ರಕಾರ ಹೂಳುವಾಗ ಹಾಡೂ ಬೇಡ, ಪಠಣವೂ ಬೇಡ. ಗಂಭೀರವಾಗಿ ಹೊತ್ತು, ಹೂಳಿ, ಮನೆಗೆ ಬರುವುದು. ಸತ್ತವರ ಎದುರು ಏನು ಓದಿದರೂ ಜನ ಅದನ್ನು ಹಳೇ ಪೂಜೆ ಅಂದುಕೊಂಡುಬಿಡುತ್ತಾರೆ ಅನ್ನುವ ಆತಂಕ. 1645ರಲ್ಲಿ ಇಂಗ್ಲೆಂಡಿನ ಪ್ಯೂರಿಟನ್ನರೂ ಯಾವ ವಿಧಿಯೂ ಇಲ್ಲದೆ ಹೂಳಬೇಕು ಅಂತ ಬರೆದಿಟ್ಟರು. ಕಾಲ್ವಿನ್ ಅದಕ್ಕೂ ಮುಂಚೆಯೇ ಇದನ್ನು ತನಗೇ ಅನ್ವಯಿಸಿಕೊಂಡಿದ್ದ. 1564ರ ಮೇ 27ರಂದು ಅವನು ತೀರಿಕೊಂಡಾಗ, ಅವನೇ ಕೇಳಿಕೊಂಡ ಹಾಗೆ, ಗುರುತಿನ ಕಲ್ಲು ಇಲ್ಲದೆ ಹೂಳಿದರು.

ಚರ್ಚಿನ ಗಂಟೆಯ ಗತಿಯೂ ಅಷ್ಟೆ. ಹಿಂದೆ ಸತ್ತವರಿಗಾಗಿ ಗಂಟೆಗಟ್ಟಲೆ ಬಾರಿಸುತ್ತಿದ್ದರು. 1604ರ ಇಂಗ್ಲಿಷ್ ಚರ್ಚಿನ ನಿಯಮ ನೋಡಿ: ಒಬ್ಬರು ಸಾಯುತ್ತಿರುವಾಗ ಗಂಟೆ ಬಾರಿಸಬಹುದು. ಸತ್ತ ಮೇಲೆ ಒಂದು ಚಿಕ್ಕ ನಾದ, ಹೂಳುವ ಮುಂಚೆ ಒಂದು, ಹೂಳಿದ ಮೇಲೆ ಒಂದು. ಅದಕ್ಕಿಂತ ಜಾಸ್ತಿ ಇಲ್ಲ. ಪ್ರಾಣ ಹೋಗುವ ಮುಂಚೆ ಕೇಳಿಸಿದರೆ ನೆರೆಯವರು ಪ್ರಾರ್ಥಿಸಬಹುದು. ಹೋದ ಮೇಲೆ ಪ್ರಯೋಜನ ಏನು?

## ಹಾಸಿಗೆಯ ಸುತ್ತ ನೆರೆದವರು

ಸತ್ತ ಮೇಲಿನ ದಾರಿ ಮುಚ್ಚಿದ ಕೂಡಲೇ ಭಾರವೆಲ್ಲ ಸಾಯುವ ಮುಂಚಿನ ಹೊತ್ತಿಗೆ ಬಂದು ಕೂತಿತು. ಸುಧಾರಕರು ಬಾಯಲ್ಲಿ ಹೇಳುತ್ತಿದ್ದದ್ದು ಬೇರೆ. ಕೊನೆಯ ಗಳಿಗೆ ಏನನ್ನೂ ನಿರ್ಧರಿಸುವುದಿಲ್ಲ, ಇಡೀ ಬದುಕೇ ಸಾವಿಗೆ ಸಿದ್ಧತೆ ಆಗಬೇಕು ಅನ್ನುತ್ತಿದ್ದರು. ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್ 1595ರಲ್ಲಿ ರೋಗಿಗಳಿಗಾಗಿ ಬರೆದ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ. ಸಾಯುವಾಗ ಒಬ್ಬ ಬಡಬಡಿಸಬಹುದು, ಕಿರುಚಬಹುದು, ದೇವರನ್ನೇ ಬೈಯಬಹುದು. ಅದು ಜ್ವರದ ಕೆಲಸ ಇದ್ದೀತು. ಮನುಷ್ಯನನ್ನು ಅವನು ಬದುಕಿದ ರೀತಿಯಿಂದ ಅಳೆಯಿರಿ, ಸತ್ತ ರೀತಿಯಿಂದ ಅಲ್ಲ. ತಿಳಿವಳಿಕೆಯ ಮಾತು, ಅಲ್ವಾ? ಆದರೆ ಜನ ಕೇಳಬೇಕಲ್ಲ. ಎಲ್ಲರೂ ಹಾಸಿಗೆಯ ಸುತ್ತ ಕಣ್ಣು ಕಿವಿ ಬಿಟ್ಟು ಕಾಯುತ್ತಿದ್ದರು.

ಲೂಥರನ ಸಾವೇ ಇದಕ್ಕೆ ಸಾಕ್ಷಿ. 1546ರ ಫೆಬ್ರವರಿ. ತಾನು ಹುಟ್ಟಿದ ಐಸ್ಲೆಬೆನ್ ಊರಿಗೆ ಒಂದು ರಾಜಿ ಪಂಚಾಯ್ತಿಗೆ ಹೋಗಿದ್ದ. ಅಲ್ಲೇ ಎದೆನೋವು ಬಂತು. 18ರ ನಸುಕಿನಲ್ಲಿ ಉಸಿರು ನಿಲ್ಲುವ ಹೊತ್ತಿಗೆ ಯುಸ್ಟುಸ್ ಯೋನಾಸ್, ಮೈಕೆಲ್ ಕೋಲಿಯಸ್ ಎಂಬ ಇಬ್ಬರು ಸಂಗಡಿಗರು ಅವನ ಕಿವಿಯ ಹತ್ತಿರ ಕೂಗಿ ಕೇಳಿದರು: ನೀವು ಸಾರಿದ ಬೋಧನೆಯಲ್ಲೇ ಗಟ್ಟಿಯಾಗಿ ನಿಂತು ಸಾಯುತ್ತೀರಾ? ‘ಹೌದು’ ಅಂದ. ಸಾಯುವವನನ್ನು ಹಾಗೆ ಯಾಕೆ ಪೀಡಿಸಿದರು ಅನಿಸಬಹುದು. ಕಾರಣ ಇತ್ತು. ಎಣ್ಣೆ ಹಚ್ಚಿಸಿಕೊಳ್ಳದೆ, ಹಳೇ ವಿಧಿಗಳಿಲ್ಲದೆ ಸಾಯುತ್ತಿದ್ದಾನೆ. ಸೈತಾನ ಬಂದು ಹೊತ್ತುಕೊಂಡು ಹೋದ ಅಂತ ಕಥೆ ಕಟ್ಟಲು ವಿರೋಧಿಗಳು ಕಾಯುತ್ತಿದ್ದರು. ಆ ‘ಹೌದು’ ಅವರಿಗೆ ಕೊಟ್ಟ ಉತ್ತರ. ಹಾಲೆ ಊರಿನಿಂದ ಚಿತ್ರಕಾರನನ್ನು ಕರೆಸಿ ಸತ್ತ ಮುಖದ ಚಿತ್ರ ಬರೆಸಿದರು. ಶಾಂತವಾಗಿ ಹೋದ ಅನ್ನುವುದಕ್ಕೆ ಪುರಾವೆ ಬೇಕಿತ್ತು. ಸಾವಿನ ವರದಿ ಕೆಲವೇ ವಾರಗಳಲ್ಲಿ ಅಚ್ಚಾಯಿತು.

## ನಾಯಿಮರಿಗೆ ವಿದಾಯ

ಇಂಥ ವರದಿಗಳಲ್ಲಿ ಇಂಗ್ಲೆಂಡಿನ ಜನ ಮತ್ತೆ ಮತ್ತೆ ಓದಿದ್ದು ಕ್ಯಾಥರಿನ್ ಸ್ಟಬ್ಸ್ ಎಂಬ ಹುಡುಗಿಯ ಸಾವನ್ನು. ಹದಿನೈದಕ್ಕೆ ಮದುವೆ. 1590ರಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ, ಗಂಡು ಮಗು ಹೆತ್ತಳು. ಆಮೇಲೆ ಜ್ವರ ಹಿಡಿಯಿತು, ವಾರಗಟ್ಟಲೆ ಬಿಡಲಿಲ್ಲ. ಗಂಡ ಫಿಲಿಪ್ ಸ್ಟಬ್ಸ್ ಬರಹಗಾರ. ಅವಳ ಕೊನೆಯ ದಿನಗಳನ್ನು ಬರೆದು 1591ರಲ್ಲಿ ಅಚ್ಚು ಹಾಕಿಸಿದ. ಮುಂದಿನ ನೂರು ವರ್ಷ ಅದು ಮರುಮುದ್ರಣ ಆಗುತ್ತಲೇ ಇತ್ತು.

ಅದರಲ್ಲಿ ಒಂದು ಕಡೆ ಅವಳು ಮುದ್ದಿನಿಂದ ಸಾಕಿದ್ದ ನಾಯಿಮರಿ ಹಾಸಿಗೆ ಹತ್ತುತ್ತದೆ. ಅದನ್ನು ಹೊಡೆದು ಓಡಿಸುತ್ತಾಳೆ. ಗಂಡನನ್ನು ಕರೆದು, ಈ ನಾಯಿಯನ್ನು ಎಷ್ಟೋ ಸಲ ಹಾಸಿಗೆಗೆ ಬಿಟ್ಟುಕೊಂಡು ನಾವಿಬ್ಬರೂ ದೇವರಿಗೆ ತಪ್ಪು ಮಾಡಿದೆವು ಅನ್ನುತ್ತಾಳೆ. ಪ್ರಾಣಿಯ ಮೇಲೆ ಇಟ್ಟ ಅಷ್ಟು ಮೋಹಕ್ಕೂ ಲೆಕ್ಕ ಕೊಡಬೇಕು ಅನ್ನುವ ಭಾವ. ಮಗುವನ್ನು ಎತ್ತಿಕೊಂಡು, ಮುತ್ತಿಟ್ಟು, ಆಶೀರ್ವದಿಸಿ ವಾಪಸ್ ಕೊಡುತ್ತಾಳೆ. ತನ್ನ ನಂಬಿಕೆಯನ್ನೆಲ್ಲ ಸುತ್ತ ಇದ್ದವರಿಗೆ ಉದ್ದಕ್ಕೆ ಹೇಳುತ್ತಾಳೆ. ಆಮೇಲೆ ಇದ್ದಕ್ಕಿದ್ದ ಹಾಗೆ ಮುಖ ಗಂಟಿಕ್ಕಿ, ಯಾರಿಗೂ ಕಾಣದ ಸೈತಾನನ ಜೊತೆ ವಾಗ್ವಾದಕ್ಕೆ ಇಳಿಯುತ್ತಾಳೆ. ನೀನು ಪಾಪಿ ಅಂತೀಯಾ? ಹೌದು, ಪಾಪಿ, ಆದರೆ ಕ್ರಿಸ್ತ ನನ್ನ ಕಡೆ ಇದ್ದಾನೆ. ಕೊನೆಗೆ ನಗುತ್ತಾಳೆ: ನೋಡಿ, ಹೇಡಿಯ ಹಾಗೆ ಓಡಿಹೋದ!

ಹಳೇ ಚಿತ್ರಪುಸ್ತಕದ ದೆವ್ವ ಇಲ್ಲೂ ಹಾಗೇ ಇದೆ. ಇಲ್ಲದಿರುವವನು ಪಾದ್ರಿ. ಎಣ್ಣೆ, ರೊಟ್ಟಿ ಯಾವುದೂ ಇಲ್ಲ. ಒಬ್ಬ ಹೆಣ್ಣುಮಗಳು ತಾನೇ ಬೋಧಿಸಿ, ತಾನೇ ಹೋರಾಡಿ ಗೆಲ್ಲುತ್ತಾಳೆ. ಚರ್ಚಿನಲ್ಲಿ ಹೆಂಗಸರು ಬಾಯಿ ಬಿಡುವ ಹಾಗಿಲ್ಲದ ಕಾಲದಲ್ಲಿ ಮರಣಶಯ್ಯೆ ಒಂದೇ ಅವರ ವೇದಿಕೆ ಆಗಿತ್ತು. ಬರೆದವನು ಗಂಡ, ತಿದ್ದಿ ತೀಡಿರಲೇಬೇಕು ಅನ್ನುವುದನ್ನೂ ಮರೆಯಬಾರದು. ಆದರೆ ಆ ನಾಯಿಮರಿಯನ್ನು ಸುಮ್ನೆ ಕಟ್ಟಿ ಹೇಳಿದ ಹಾಗೆ ನನಗೆ ಕಾಣುವುದಿಲ್ಲ.

## ಭಯ ಹೋಯಿತಾ?

ಪರ್ಗಟರಿ ಇಲ್ಲ ಅಂದರೆ ನೆಮ್ಮದಿ ಆಗಬೇಕಲ್ಲ? ಕೆಲವರಿಗೆ ಆಯಿತು. ಬೆಂಕಿಯ ಭಯವೂ ಇಲ್ಲ, ಪೂಜೆಯ ಖರ್ಚೂ ಇಲ್ಲ. ಆದರೆ ಮಧ್ಯದ ಜಾಗ ಹೋದ ಮೇಲೆ ಉಳಿದದ್ದು ಎರಡೇ, ಸ್ವರ್ಗ ಅಥವಾ ನರಕ. ಅದೂ ಕಾಲ್ವಿನನ ದಾರಿಯವರಲ್ಲಿ ಯಾರು ಎಲ್ಲಿಗೆ ಅನ್ನುವುದನ್ನು ದೇವರು ಸೃಷ್ಟಿಗೂ ಮುಂಚೆಯೇ ತೀರ್ಮಾನಿಸಿಬಿಟ್ಟಿದ್ದಾನೆ. ಇದಕ್ಕೆ ಪೂರ್ವನಿರ್ಣಯ ಅನ್ನುತ್ತಾರೆ. ಮನುಷ್ಯ ಅದನ್ನು ಬದಲಿಸಲಾರ. ನಾನು ಆ ಪಟ್ಟಿಯಲ್ಲಿ ಇದ್ದೇನಾ ಅಂತ ತನ್ನ ಮನಸ್ಸನ್ನೇ ಹುಡುಕಿ ನೋಡಿಕೊಳ್ಳಬೇಕು. ಹುಡುಕಿದಷ್ಟೂ ಅನುಮಾನ.

ಬಾಸ್ಟನ್ನಿನ ನ್ಯಾಯಾಧೀಶ ಸ್ಯಾಮ್ಯುಯೆಲ್ ಸ್ಯುವಲ್‌ನ ದಿನಚರಿಯಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. 1690ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಸಿಡುಬಿನಿಂದ ಸತ್ತ. ಸ್ಯುವಲ್ ತನ್ನ ಮಗ ಸ್ಯಾಮ್‌ನನ್ನು ಕರೆದು ಸುದ್ದಿ ಹೇಳಿ, ನೀನೂ ಸಾವಿಗೆ ಸಿದ್ಧನಾಗಿರಬೇಕು ಅಂದ. ಹುಡುಗ ಸೇಬು ತಿನ್ನುತ್ತಿದ್ದ, ಕಿವಿಗೆ ಹಾಕಿಕೊಂಡ ಹಾಗೇ ಕಾಣಲಿಲ್ಲ. ಆಮೇಲೆ ಪ್ರಾರ್ಥನೆ ಹೇಳುವಾಗ ಇದ್ದಕ್ಕಿದ್ದಂತೆ ಬಿಕ್ಕಿಬಿಕ್ಕಿ ಅತ್ತ. ಯಾಕೋ ಅಂದರೆ, ಸಾಯುತ್ತೇನೆ ಅಂತ ಭಯ.

ಆರು ವರ್ಷದ ನಂತರ ಮಗಳು ಬೆಟ್ಟಿಯ ಸರದಿ. ಅವಳಿಗೆ ಆಗ ಹದಿನಾಲ್ಕು-ಹದಿನೈದು. ಊಟ ಆದ ಮೇಲೆ ಜೋರಾಗಿ ಅಳತೊಡಗಿದಳು, ಅವಳನ್ನು ನೋಡಿ ಮನೆಮಂದಿಯೆಲ್ಲ ಅತ್ತರು. ತಾಯಿ ಎಷ್ಟು ಕೇಳಿದರೂ ಹೇಳಲಿಲ್ಲ. ಕೊನೆಗೆ ಬಾಯಿಬಿಟ್ಟಳು: ನಾನು ನರಕಕ್ಕೆ ಹೋಗುತ್ತೇನೆ, ನನ್ನ ಪಾಪ ಕ್ಷಮೆ ಆಗಿಲ್ಲ. ‘ನೀವು ನನ್ನನ್ನು ಹುಡುಕುವಿರಿ, ಆದರೆ ಕಾಣುವುದಿಲ್ಲ’ ಎಂಬ ಯೋಹಾನನ ಸುವಾರ್ತೆಯ ವಾಕ್ಯದ ಮೇಲಿನ ಪ್ರಸಂಗವನ್ನು (ಅಂದರೆ ಪಾದ್ರಿಯ ಉಪದೇಶವನ್ನು) ಅಪ್ಪ ಮನೆಯಲ್ಲಿ ಓದಿದ್ದ. ಅದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಕ್ರೂರ ಅಪ್ಪ ಅನಿಸುತ್ತದೆ. ಆದರೆ ಆ ಕಾಲದ ಮನೆಗಳನ್ನೂ ನೆನಪಿಡಬೇಕು. ಬಾಸ್ಟನ್ನಿನ ಪಾದ್ರಿ ಕಾಟನ್ ಮ್ಯಾದರನಿಗೆ ಹದಿನೈದು ಮಕ್ಕಳು. ಅವನು ಸಾಯುವ ಹೊತ್ತಿಗೆ ಉಳಿದದ್ದು ಇಬ್ಬರು. 1713ರ ನವೆಂಬರಿನಲ್ಲಿ ದಡಾರ ಬಂದು ಹೆಂಡತಿ, ಆಗಷ್ಟೇ ಹುಟ್ಟಿದ ಅವಳಿ ಕೂಸುಗಳು, ಪುಟ್ಟ ಮಗಳು ಜೆರೂಶಾ ಎಲ್ಲರೂ ಒಂದೇ ತಿಂಗಳಲ್ಲಿ ಹೋದರು. ಮಕ್ಕಳಿಗೆ ಸಾವಿನ ವಿಷಯ ಹೇಳದೆ ಮುಚ್ಚಿಡುವ ಅನುಕೂಲ ಅವರಿಗೆ ಇರಲಿಲ್ಲ.

## ಅಳಬಹುದಾ?

ಸತ್ತವರು ದೇವರ ಹತ್ತಿರ ಸುಖವಾಗಿದ್ದಾರೆ ಅನ್ನುವುದು ಖಂಡಿತವಾದರೆ ಅಳುವುದು ನಂಬಿಕೆಯ ಕೊರತೆ ಅಲ್ಲವಾ? ಈ ಪ್ರಶ್ನೆ ಅವರನ್ನು ಬಹಳ ಕಾಡಿತು. ಸಾಮಾನ್ಯವಾಗಿ ಕೊಡುತ್ತಿದ್ದ ಉತ್ತರ: ಅಳಿ, ಆದರೆ ಮಿತಿಯಲ್ಲಿ, ನಂಬಿಕೆ ಇಲ್ಲದವರ ಹಾಗೆ ಎದೆ ಬಡಿದುಕೊಳ್ಳಬೇಡಿ.

ಲೂಥರನೇ ಈ ಮಿತಿಯಲ್ಲಿ ನಿಲ್ಲಲಾರದೆ ಹೋದ. 1542ರ ಸೆಪ್ಟೆಂಬರಿನಲ್ಲಿ ಅವನ ಹದಿಮೂರು ವರ್ಷದ ಮಗಳು ಮಗ್ದಲೇನಾ ಹಾಸಿಗೆ ಹಿಡಿದಳು. ಪುಟ್ಟಿ, ಇಲ್ಲಿ ಈ ಅಪ್ಪನ ಹತ್ತಿರ ಇರುತ್ತೀಯಾ, ಅಲ್ಲಿನ ಅಪ್ಪನ ಹತ್ತಿರ ಹೋಗುತ್ತೀಯಾ ಅಂತ ಕೇಳಿದ. ದೇವರ ಇಷ್ಟ ಅಪ್ಪಾ ಅಂದಳು. ಅವನ ತೋಳಿನಲ್ಲೇ ಪ್ರಾಣ ಹೋಯಿತು. ಶವಪೆಟ್ಟಿಗೆಯಲ್ಲಿ ಮಲಗಿಸಿದಾಗ ಅವನು ಹೇಳಿದ ಮಾತನ್ನು ಜೊತೆಯಲ್ಲಿದ್ದವರು ಬರೆದಿಟ್ಟುಕೊಂಡಿದ್ದಾರೆ. ಇವಳು ನೆಮ್ಮದಿಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ ಅಂತ ಗೊತ್ತಿದ್ದೂ ಇಷ್ಟು ದುಃಖ ಆಗುವುದು ಎಂಥ ವಿಚಿತ್ರ, ಅಂದನಂತೆ. ಸಾವಿಗೆ ಸಿದ್ಧವಾಗುವುದು ಹೇಗೆ ಅಂತ 1519ರಲ್ಲೇ ಪ್ರಸಂಗ ಬರೆದು ಊರಿಗೆಲ್ಲ ಸಮಾಧಾನ ಹೇಳಿದ್ದವನು. ಹಿಂದಿನ ಕಾಲದ ಅಪ್ಪನಾಗಿದ್ದರೆ ಮಗಳಿಗೊಂದು ಪೂಜೆ ಮಾಡಿಸಿ ಕೈಗೊಂದು ಕೆಲಸ ಕೊಟ್ಟುಕೊಳ್ಳಬಹುದಿತ್ತು. ಇವನ ಬೋಧನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

## ಊರ ಹೊರಗಿನ ಸ್ಮಶಾನ, ಊರ ಒಳಗಿನ ದೆವ್ವ

ಹಿಂದೆ ಎಲ್ಲರಿಗೂ ಚರ್ಚಿನ ಒಳಗೆ ಅಥವಾ ಪಕ್ಕದಲ್ಲೇ ಸಮಾಧಿ ಆಗಬೇಕೆಂಬ ಆಸೆ. ಸಂತರ ಅವಶೇಷದ ಹತ್ತಿರ ಇದ್ದಷ್ಟೂ ಲಾಭ. ಈ ಲಾಭವೇ ಇಲ್ಲ ಅಂದ ಮೇಲೆ ಎಲ್ಲಿ ಹೂಳಿದರೇನು? 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಲೂಥರ್ ಊರು ಬಿಡದೆ ನಿಂತ. ಆಗ ಬರೆದ ಪತ್ರದಲ್ಲಿ ಸ್ಮಶಾನ ಊರ ಹೊರಗೆ, ಗಲಾಟೆ ಇಲ್ಲದ ಜಾಗದಲ್ಲಿ ಇರುವುದೇ ಒಳ್ಳೆಯದು ಅಂದ. ಲೈಪ್‌ಜಿಗ್ 1536ರಲ್ಲಿ ಊರ ಒಳಗೆ ಹೂಳುವುದನ್ನು ನಿಲ್ಲಿಸಿತು. ಹಾಲೆಯಲ್ಲಿ 1557ರಿಂದ ಕಟ್ಟಿದ ಸ್ಮಶಾನ ಇವತ್ತಿಗೂ ಇದೆ, ಸುತ್ತ ಗೋಡೆಗೆ 94 ಕಮಾನುಗಳು. ಇದಕ್ಕೆಲ್ಲ ಧರ್ಮ ಒಂದೇ ಕಾರಣ ಅಲ್ಲ. ಊರುಗಳು ಕಿಕ್ಕಿರಿದಿದ್ದವು, ರೋಗದ ಭಯ ಇತ್ತು. ಹೊಸ ಬೋಧನೆ ಇದ್ದ ಅಡ್ಡಿಯನ್ನು ತೆಗೆಯಿತು.

ದೆವ್ವಗಳ ವಿಷಯ ತಮಾಷೆಯಾಗಿದೆ. ಹಿಂದೆ ದೆವ್ವ ಅಂದರೆ ಪರ್ಗಟರಿಯಿಂದ ಬಂದು ‘ನನಗೊಂದು ಪೂಜೆ ಮಾಡಿಸಿ’ ಅಂತ ಕೇಳುವ ಆತ್ಮ. ಪರ್ಗಟರಿಯೇ ಇಲ್ಲ ಅಂದರೆ ಇವರು ಯಾರು? ಜೂರಿಕ್‌ನ ಪಾದ್ರಿ ಲುಡ್ವಿಗ್ ಲಾವಾಟರ್ 1569ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದ. ಬಹಳಷ್ಟು ಕಣ್ಣಿನ ಭ್ರಮೆ ಅಥವಾ ಯಾರದೋ ಮೋಸ. ಉಳಿದದ್ದು ಹೆಚ್ಚಾಗಿ ಸೈತಾನನ ವೇಷ. ಸತ್ತವರ ಆತ್ಮವಂತೂ ಅಲ್ಲ. ಜನ ಪಾದ್ರಿಯ ಮಾತಿಗೆ ತಲೆಯಾಡಿಸಿದರು, ಕತ್ತಲಾದ ಮೇಲೆ ಮಾತ್ರ ದೆವ್ವ ನೋಡುವುದನ್ನು ಬಿಡಲಿಲ್ಲ.

## ಇನ್ನೊಂದು ಬಾಗಿಲಿನಿಂದ ಬಂದದ್ದು

ವಿಧಿ ಕತ್ತರಿಸಬಹುದು, ದುಃಖ ಕತ್ತರಿಸಲಾಗದು. ಅದು ಬೇರೆ ದಾರಿ ಹುಡುಕಿಕೊಂಡಿತು. ಜರ್ಮನಿಯ ಲೂಥರನ್ ಊರುಗಳಲ್ಲಿ ಶವಸಂಸ್ಕಾರದ ಪ್ರಸಂಗ ದೊಡ್ಡದಾಗಿ ಬೆಳೆಯಿತು. ಅದರ ಜೊತೆ ಸತ್ತವರ ಜೀವನಚರಿತ್ರೆ: ಹುಟ್ಟು, ಓದು, ಮದುವೆ, ಕಾಯಿಲೆ, ಕೊನೆಯ ಮಾತು. ಅನುಕೂಲಸ್ಥರು ಅದನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು. ಎರಡು ಲಕ್ಷಕ್ಕೂ ಹೆಚ್ಚು ಇಂಥ ಪುಸ್ತಿಕೆಗಳು ಇವತ್ತಿಗೂ ಉಳಿದಿವೆ. ಸತ್ತವರಿಗಾಗಿ ಪ್ರಾರ್ಥಿಸುವಂತಿಲ್ಲ ಸರಿ, ಅವರ ಬಗ್ಗೆ ಬರೆಯಲು ಅಡ್ಡಿ ಇಲ್ಲವಲ್ಲ.

ಬಾಸ್ಟನ್ ಕಡೆ ಇನ್ನೂ ಸ್ವಾರಸ್ಯ. 1640ರ ಆಸುಪಾಸಿನಲ್ಲಿ ಅಲ್ಲಿದ್ದ ಥಾಮಸ್ ಲೆಕ್‌ಫರ್ಡ್ ಎಂಬ ವಕೀಲ ಕಂಡದ್ದನ್ನು ಬರೆದಿದ್ದಾನೆ. ಗಂಟೆ ಬಾರಿಸಿದಾಗ ನೆರೆಯವರೆಲ್ಲ ಸೇರುತ್ತಾರೆ, ಹೆಣ ಹೊರುತ್ತಾರೆ, ಹೂಳುವವರೆಗೆ ನಿಂತಿರುತ್ತಾರೆ. ಓದುವುದಿಲ್ಲ, ಪ್ರಸಂಗ ಇಲ್ಲ. ಚರ್ಚಿನ ಒಳಗೆ ಒಂದು ವಿಗ್ರಹ ಸಹಿಸದ ಇದೇ ಜನ ಆಮೇಲೆ ಸಮಾಧಿ ಕಲ್ಲುಗಳ ಮೇಲೆ ರೆಕ್ಕೆ ಇರುವ ತಲೆಬುರುಡೆ ಕೆತ್ತಿಸತೊಡಗಿದರು. 18ನೇ ಶತಮಾನ ಮುಂದುವರಿದ ಹಾಗೆ ಆ ಬುರುಡೆಗೆ ಕೆನ್ನೆ, ಕಣ್ಣು ಬಂದು ಅದು ನಿಧಾನಕ್ಕೆ ದೇವದೂತನ ಮುಖವಾಯಿತು.

ಇನ್ನು ಕೈಗವಸು. ಸಾವಿನ ಮನೆಯವರು ಬಂದವರಿಗೆ ಕೈಗವಸು ಕಳಿಸುವ ರೂಢಿ ಬೆಳೆಯಿತು. ಹತ್ತಿರದವರಿಗೆ ಉಂಗುರ, ಸ್ಕಾರ್ಫು, ಎಲ್ಲರಿಗೂ ಮದ್ಯ. ಬಾಸ್ಟನ್ನಿನ ಆಂಡ್ರೂ ಎಲಿಯಟ್ ಎಂಬ ಪಾದ್ರಿಗೆ ತನ್ನ ಸೇವೆಯ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಬಂದ ಕೈಗವಸುಗಳ ಲೆಕ್ಕ ಮೂರು ಸಾವಿರ ಜೊತೆಯ ಹತ್ತಿರ. ಅಷ್ಟನ್ನು ಹಾಕಿಕೊಳ್ಳುವುದು ಹೇಗೆ? ಮಾರುತ್ತಿದ್ದ. ಸಾಧಾರಣ ಮನೆಗಳು ಸಾಲಕ್ಕೆ ಬಿದ್ದವು. ಮ್ಯಾಸಚೂಸೆಟ್ಸ್ ಸರ್ಕಾರ ಈ ದುಂದು ನಿಲ್ಲಿಸಲು 1721ರಲ್ಲಿ ಕಾಯಿದೆ ಮಾಡಿತು. ಕೇಳಲಿಲ್ಲ. 1741ರಲ್ಲಿ ಇನ್ನೊಂದು ಮಾಡಿತು: ಹೆಣ ಹೊರುವವರಿಗೂ ಪಾದ್ರಿಗೂ ಬಿಟ್ಟು ಬೇರೆ ಯಾರಿಗೂ ಕೈಗವಸು ಕೊಡಬಾರದು. ಅದಕ್ಕೂ ಜನ ಬಗ್ಗಲಿಲ್ಲ.

ಕೊನೆಗೆ ಅದಕ್ಕೆ ತಡೆ ಹಾಕಿದ್ದು ಧರ್ಮವೂ ಅಲ್ಲ, ಸ್ಥಳೀಯ ಕಾಯಿದೆಯೂ ಅಲ್ಲ. ಬ್ರಿಟನ್ ಜೊತೆ ಜಗಳ ಶುರುವಾಗಿತ್ತು, ಕೈಗವಸು-ಕಪ್ಪುಬಟ್ಟೆ ಹೆಚ್ಚಾಗಿ ಅಲ್ಲಿಂದಲೇ ಬರುತ್ತಿದ್ದವು. 1774ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ವಸಾಹತುಗಳ ಪ್ರತಿನಿಧಿಗಳು ಬ್ರಿಟಿಷ್ ಮಾಲನ್ನು ಬಹಿಷ್ಕರಿಸುವ ಒಪ್ಪಂದ ಮಾಡಿಕೊಂಡರು. ಅದರ ಎಂಟನೇ ಕಲಮಿನಲ್ಲಿ ಜೂಜು, ಕುದುರೆ ಪಂದ್ಯ, ನಾಟಕಗಳ ಸಾಲಿನಲ್ಲೇ ಇದೂ ಸೇರಿತು: ಶೋಕದ ಗುರುತಿಗೆ ಗಂಡಸರು ತೋಳಿಗೋ ಟೋಪಿಗೋ ಒಂದು ಕಪ್ಪು ಪಟ್ಟಿ, ಹೆಂಗಸರು ಕಪ್ಪು ರಿಬ್ಬನ್ನು ಮತ್ತು ಕಂಠಹಾರ ಹಾಕಿಕೊಂಡರೆ ಸಾಕು; ಶವಸಂಸ್ಕಾರದಲ್ಲಿ ಕೈಗವಸು, ಸ್ಕಾರ್ಫು ಹಂಚುವುದು ಇನ್ನು ಬಂದ್.